ಮೂರನೇ ಗೇಟಿನ ದನಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಮಾನ ನಿಲ್ದಾಣದ ಠಾಣೆಗೆ ಒಬ್ಬ ಯುವಕ ಬಂದ. ದಪ್ಪ ಗಾಜಿನ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಭುಜದ ಮೇಲೆ ಒಂದೇ ಒಂದು ಪಟ್ಟಿ. ಪಕ್ಕದ ಹಾರಾಟ ಶಾಲೆಯ ವಿದ್ಯಾರ್ಥಿ ಎಂದು ನೋಡಿದವರಿಗೆಲ್ಲ ಗೊತ್ತಾಗುವ ಉಡುಪು. ಶಾಲೆಯಲ್ಲಿ ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು.

ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತಿದರು. ಅವರ ಮೀಸೆ ಎಷ್ಟು ಪ್ರಸಿದ್ಧವೆಂದರೆ ಮೇಲಧಿಕಾರಿಗಳು ಕೂಡ ಅವರನ್ನು ಮೀಸೆಯವರೇ ಎನ್ನುತ್ತಿದ್ದರು.

"ಏನಪ್ಪಾ, ಏನು ಕಳ್ಕೊಂಡೆ? ಬ್ಯಾಗಾ, ಫೋನಾ?"

"ಏನೂ ಕಳ್ಕೊಂಡಿಲ್ಲ ಸಾರ್. ಗುರುವಾರ ನಾನು ಹಾರ್ತಿರುವಾಗ ರೇಡಿಯೋದಲ್ಲಿ ಯಾರೋ ಸುಳ್ಳು ಆರ್ಡರ್ ಕೊಟ್ರು. ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆಯೋದು ಸ್ವಲ್ಪದರಲ್ಲಿ ತಪ್ತು."

"ಎಲ್ಲಿ?"

"ಮೇಲೆ."

ಮೀಸೆಯವರು ಪೆನ್ನಿನ ಮುಚ್ಚಳ ಹಾಕಿದರು. "ಆಕಾಶ ನಮ್ಮ ಸರಹದ್ದಿಗೆ ಬರಲ್ಲಪ್ಪ. ನಮ್ದು ಪೆಟ್ರೋಲ್ ಬಂಕಿನಿಂದ ಗುಡ್ಡದ ತನಕ. ಅದೂ ನೆಲದ ಮೇಲೆ."

ಒಳಕೋಣೆಯ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದರು. ಮಾತು ಕಡಿಮೆಯ ಹೆಂಗಸು. ಎದುರಿಗಿದ್ದವರು ಮಾತು ಮುಗಿಸಿದ ಮೇಲೂ ಅವರು ಸ್ವಲ್ಪ ಹೊತ್ತು ಕಾಯುತ್ತಿದ್ದರು, ಇನ್ನೇನೋ ಉಳಿದಿದೆ ಎಂಬಂತೆ. ಎಷ್ಟೋ ಸಲ ಉಳಿದಿರುತ್ತಿತ್ತು.

"ಮಾತಾಡಿದ ಬಾಯಿ ನೆಲದ ಮೇಲೇ ಇರಬೇಕಲ್ವಾ ಮೀಸೆಯವರೇ? ಕೂರಿಸಿ."

ಕನ್ನಡಕ ಹೇಳಿಕೆ ಕೊಟ್ಟ. ಗುರುವಾರ ಸಂಜೆ ನಾಲ್ಕು ಗಂಟೆ ದಾಟಿತ್ತು. ಎರಡು ಸೀಟಿನ ತರಬೇತಿ ವಿಮಾನದಲ್ಲಿ ಅವನೊಬ್ಬನೇ ಇದ್ದ. ಇಳಿಯಲು ನಿಲ್ದಾಣದ ನಿಯಂತ್ರಣ ಟವರ್ ಒಪ್ಪಿಗೆ ಕೊಟ್ಟಿತ್ತು. ಗುಡ್ಡ ದಾಟಿ ರನ್‌ವೇಗೆ ನೇರವಾಗಿ ಬರುತ್ತಿದ್ದಾಗ ಕಿವಿಯಲ್ಲಿ ಒಂದು ದನಿ ಅವನ ವಿಮಾನದ ಗುರುತು ಹಿಡಿದು ಕರೆಯಿತು. ಇಳಿಯಬೇಡ, ಬಲಕ್ಕೆ ತಿರುಗು, ಮೂರನೇ ಗೇಟಿನ ಕಡೆಗೆ ಹೋಗು ಎಂದಿತು. ಅವನು ಸರಿ ಎಂದು ಉತ್ತರ ಕೊಟ್ಟು ತಿರುಗಿದ. ಆಗ ತಾನೇ ಮೇಲೇರಿ ಬಲಕ್ಕೆ ತಿರುಗಿ ಬರುತ್ತಿದ್ದ ಇನ್ನೊಂದು ತರಬೇತಿ ವಿಮಾನ ಕಣ್ಣೆದುರಿಗಿತ್ತು. ಅದರಲ್ಲಿ ಒಬ್ಬ ಶಿಕ್ಷಕ, ಮೊದಲ ಪಾಠಕ್ಕೆ ಕೂತ ಒಬ್ಬ ವಿದ್ಯಾರ್ಥಿ.

"ಎಷ್ಟು ಹತ್ತಿರ?"

"ನಾನು ಮೂತಿ ಕೆಳಗೆ ಮಾಡ್ದೆ ಮೇಡಂ. ಅವರ ಚಕ್ರ ನನ್ನ ತಲೆ ಮೇಲೆ ಹೋಯ್ತು. ಚಕ್ರಕ್ಕೆ ಅಂಟಿದ್ದ ಮಣ್ಣು ಕಾಣ್ತಿತ್ತು."

"ಟವರ್ ಏನನ್ನುತ್ತೆ?"

"ನಾವು ಹೇಳೇ ಇಲ್ಲ ಅಂತಾರೆ. ಟೇಪಿನಲ್ಲೂ ಇಲ್ಲ. ಮೂರನೇ ಗೇಟು ಅನ್ನೋ ಜಾಗ ನಮ್ಮ ನಕ್ಷೇಲೇ ಇಲ್ಲ. ಶುಕ್ರವಾರ ಶಾಲೆಯ ವಿಚಾರಣೆ ಇದೆ. ತಪ್ಪು ಮುಚ್ಚಿಕೊಳ್ಳೋಕೆ ಸುಳ್ಳು ಹೇಳಿದ ಅಂತ ಬರೆದ್ರೆ, ಇನ್ನು ಯಾವ ಶಾಲೆಯವರೂ ನನ್ನನ್ನ ವಿಮಾನದ ಹತ್ತಿರಕ್ಕೆ ಸೇರಿಸಲ್ಲ."

"ಆ ದನಿ ಯಾರದ್ದು ಅನ್ನಿಸ್ತು?"

"ಗೊತ್ತಿಲ್ಲ. ವಯಸ್ಸಾದವರದ್ದು. ಹೆದರಿಸೋ ದನಿ ಅಲ್ಲ ಮೇಡಂ. ಸಮಾಧಾನದ ದನಿ. ಅದಕ್ಕೇ ನಂಬಿಬಿಟ್ಟೆ."

ಇನ್‌ಸ್ಪೆಕ್ಟರ್ ಎಂದಿನಂತೆ ಸ್ವಲ್ಪ ಹೊತ್ತು ಕಾದರು. ಯುವಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನಾನು ಸುಳ್ಳು ಹೇಳೋದಾಗಿದ್ರೆ, ಇರೋ ಜಾಗದ ಹೆಸರೇ ಹೇಳ್ತಿದ್ದೆ ಮೇಡಂ."

ಎಫ್‌ಐಆರ್ ದಾಖಲಾಯಿತು. ಪರವಾನಗಿಯಿಲ್ಲದ ರೇಡಿಯೋ ಬಳಕೆ, ಅಧಿಕಾರಿಯ ಸೋಗು, ವಿಮಾನಗಳ ಸುರಕ್ಷತೆಗೆ ಅಪಾಯ. ಆರೋಪಿ: ಅಪರಿಚಿತ. ಘಟನಾ ಸ್ಥಳ ಎಂಬ ಕಡೆ ಮೀಸೆಯವರು ಬಹಳ ಹೊತ್ತು ಯೋಚಿಸಿ, 'ನೆಲದಿಂದ ಸುಮಾರು ಐನೂರು ಅಡಿ ಮೇಲೆ' ಎಂದು ಬರೆದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದ್ದು ಬರೆದೇ ಇರಲಿಲ್ಲ. ಇನ್ನೊಂದು ಸಲ ಓದಿಕೊಂಡರು, ಸ್ವಲ್ಪ ಹೆಮ್ಮೆಯಿಂದಲೇ.

ಟವರ್‌ನ ಗಾಜಿನ ಕೋಣೆ ಚಿಕ್ಕದು. ನಾಲ್ಕೂ ದಿಕ್ಕಿಗೆ ಓರೆಯಾದ ಗಾಜು, ಮಧ್ಯೆ ಎರಡು ಕುರ್ಚಿ, ಆರಿಹೋದ ಕಾಫಿಯ ಲೋಟ. ಪಾಳಿಯಲ್ಲಿದ್ದ ನಿಯಂತ್ರಣಾಧಿಕಾರಿ ಗುರುವಾರದ ಧ್ವನಿಮುದ್ರಿಕೆ ಹಾಕಿದರು. ಇಳಿಯಲು ಒಪ್ಪಿಗೆ ಕೊಟ್ಟ ಅವರದೇ ದನಿ. ಆಮೇಲೆ ಗಾಳಿಯ ಸದ್ದು. ಆಮೇಲೆ ಕನ್ನಡಕನ ದನಿ ಸ್ಪಷ್ಟವಾಗಿ ಬಂತು: ಸರಿ, ಮೂರನೇ ಗೇಟಿನ ಕಡೆಗೆ ಬಲಕ್ಕೆ ತಿರುಗುತ್ತಿದ್ದೇನೆ. ಕೂಡಲೇ ಅಧಿಕಾರಿಯ ಕೂಗು.

"ನೋಡಿ ಮೇಡಂ. ಅವನು ಉತ್ತರ ಕೊಡ್ತಿದ್ದಾನೆ. ಆದರೆ ಯಾರೂ ಏನೂ ಹೇಳೇ ಇಲ್ಲ."

"ಇಂಥ ಉತ್ತರ ಮುಂಚೆ ಯಾವಾಗಲಾದರೂ ಬಂದಿತ್ತಾ? ಮಾತೇ ಇಲ್ಲದೆ ಉತ್ತರ ಮಾತ್ರ?"

ಅಧಿಕಾರಿ ಗಾಜಿನಾಚೆ ನೋಡಿದರು. ರನ್‌ವೇಯ ಅಂಚಿನಲ್ಲಿ ಒಬ್ಬ ಹುಲ್ಲು ಕತ್ತರಿಸುತ್ತಿದ್ದ. ಮೀಸೆಯವರು ಕೆಳಗೆ ನೋಡುವುದನ್ನು ತಪ್ಪಿಸಲು ಛಾವಣಿ ನೋಡುತ್ತಿದ್ದರು; ಅವರಿಗೆ ಉಯ್ಯಾಲೆಯಲ್ಲಿ ಕೂತರೂ ತಲೆ ಸುತ್ತುತ್ತಿತ್ತು.

"ಒಂದ್ಸಲ ಬಂದಿತ್ತು," ಎಂದರು ಅಧಿಕಾರಿ ಕೊನೆಗೆ. "ಅದರ ಹಿಂದಿನ ವಾರ. ಸರ್ವೆ ವಿಮಾನದ ಪೈಲಟ್. ಇಳಿಯೋಕೆ ಬರ್ತಿದ್ದವರು ಇದ್ದಕ್ಕಿದ್ದ ಹಾಗೆ, ಸರಿ, ಬಲಕ್ಕೆ ಹೋಗ್ತೀನಿ ಅಂದ್ರು. ಅವತ್ತೂ ಎದುರಿಗೆ ಒಂದು ವಿಮಾನ ಇತ್ತು. ಎರಡೂ ಸ್ವಲ್ಪದರಲ್ಲಿ ಪಾರಾದವು."

"ನೀವು ಯಾರಿಗೂ ಹೇಳಲಿಲ್ಲ."

"ನಾನೇ ಏನೋ ಹೇಳಿ ಮರೆತಿರಬೇಕು ಅನ್ಕೊಂಡೆ ಮೇಡಂ. ಟೇಪು ಹಾಕಿ ನೋಡೋಕೆ ಧೈರ್ಯ ಬರಲಿಲ್ಲ."

ಇನ್‌ಸ್ಪೆಕ್ಟರ್ ಆ ಮುದ್ರಿಕೆಯನ್ನೂ ಹಾಕಿಸಿ ಕೇಳಿದರು. ಅಲ್ಲೂ ಗಾಳಿಯ ಸದ್ದು, ಆಮೇಲೆ ಉತ್ತರ. ಎರಡನ್ನೂ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು.

"ವಿಮಾನಕ್ಕೆ ಕೇಳಿಸಿದ್ದು ನಿಮಗೆ ಕೇಳಿಸದೇ ಇರೋದು ಹೇಗೆ?"

ಅಧಿಕಾರಿ ಎಡ ಅಂಗೈಯನ್ನು ಮೇಜಿನ ಮೇಲೆ ಗೋಡೆಯಂತೆ ನಿಲ್ಲಿಸಿದರು. "ಈ ರೇಡಿಯೋ ಅಲೆ ನೇರವಾಗಿ ಹೋಗುತ್ತೆ, ಕಣ್ಣಿನ ನೋಟದ ಹಾಗೆ. ಮಧ್ಯೆ ಗುಡ್ಡ ಬಂದ್ರೆ ಮುಗೀತು. ಕೈಯಲ್ಲಿ ಹಿಡಿಯೋ ಸಣ್ಣ ಸೆಟ್ಟು ಇಟ್ಕೊಂಡು ಯಾರಾದರೂ ಗುಡ್ಡದ ಆ ಕಡೆ ನಿಂತು ಮಾತಾಡಿದ್ರೆ, ಮೇಲಿರೋ ವಿಮಾನಕ್ಕೆ ಚೆನ್ನಾಗಿ ಕೇಳುತ್ತೆ. ನಮಗೂ ಕೇಳಲ್ಲ, ಆಗ ತಾನೇ ನೆಲ ಬಿಟ್ಟ ವಿಮಾನಕ್ಕೂ ಕೇಳಲ್ಲ." ಅಷ್ಟು ಹೇಳಿ ತಮ್ಮ ಅಂಗೈಯನ್ನೇ ನೋಡುತ್ತ ಕೂತರು. ಇಷ್ಟು ಸುಲಭದ ಸಂಗತಿ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂಬ ನೋಟ ಅದು.

ಗುಡ್ಡದ ಹಿಂದೆ ನಾಲ್ಕು ಬೀದಿಗಳ ಒಂದು ಬಡಾವಣೆ. ಒಂದೇ ಅಳತೆಯ ಮನೆಗಳು, ಪ್ರತಿ ಮನೆಗೂ ತಾರಸಿ, ತಾರಸಿಯ ಮೇಲೆ ನೀರಿನ ತೊಟ್ಟಿ, ಒಣಗಲು ಹಾಕಿದ ಬಟ್ಟೆ. ಮಂಗಳವಾರ ಬೆಳಿಗ್ಗೆ ಮೀಸೆಯವರು ಮಫ್ತಿಯಲ್ಲಿ ಅಲ್ಲಿ ಸುತ್ತಾಡಿ ಬಂದರು. "ನೂರಾರು ತಾರಸಿ ಮೇಡಂ. ಒಂದೊಂದೇ ಮನೆ ಹತ್ತಿ ಇಳಿಯೋ ಹೊತ್ತಿಗೆ ನನ್ನ ಮೊಣಕಾಲಿಗೆ ನಿವೃತ್ತಿ."

ಅದೇ ದಿನ ಇನ್‌ಸ್ಪೆಕ್ಟರ್ ಸರ್ವೆ ವಿಮಾನದ ಪೈಲಟ್ಟನ್ನು ಅವರ ಶೆಡ್ಡಿನಲ್ಲಿ ಕಂಡರು. ಐವತ್ತು ದಾಟಿದ ಒರಟು ಮನುಷ್ಯ. ಎಂಜಿನ್ನಿನ ಎಣ್ಣೆ ನೋಡುತ್ತಾ, ತಲೆ ಎತ್ತದೆ ಮಾತಾಡುತ್ತಿದ್ದರು.

"ನಿಮಗೆ ಯಾರು ಬಲಕ್ಕೆ ಹೋಗಿ ಅಂದ್ರು?"

"ಯಾರೂ ಅನ್ನಲಿಲ್ಲ."

"ಮತ್ತೆ ಉತ್ತರ ಯಾಕೆ ಕೊಟ್ರಿ?"

"ಅಭ್ಯಾಸ."

ಇನ್‌ಸ್ಪೆಕ್ಟರ್ ಕಾದರು. ಪೈಲಟ್ ಎಣ್ಣೆ ಒರೆಸಿದ ಬಟ್ಟೆಯಿಂದ ಮತ್ತೆ ಒರೆಸಿದರು. "ನೋಡಿ ಅಮ್ಮಾ. ನನ್ನ ವಯಸ್ಸಿನ ಪೈಲಟ್ಟು ಯಾರೂ ಆಡದ ಮಾತು ಕಿವಿಗೆ ಬಿತ್ತು ಅಂದ್ರೆ, ಅದೇ ದಿನ ಡಾಕ್ಟರ ಮುಂದೆ ಕೂರಿಸ್ತಾರೆ. ಆಮೇಲೆ ಮನೇಲಿ ಕೂರಿಸ್ತಾರೆ. ಹಂಗಾಗಿ ಬಾಯಿ ಮುಚ್ಕೊಂಡೆ."

"ಅದೇ ದನಿ ಕೇಳಿದ ಇನ್ನೊಬ್ಬ ಇದ್ದಾನೆ. ಅವನನ್ನ ಶುಕ್ರವಾರ ಮನೆಗೆ ಕಳಿಸ್ತಾರೆ."

"ಯಾರು, ಆ ಕನ್ನಡಕದ ಹುಡುಗನಾ?" ಪೈಲಟ್ ಈಗ ತಲೆ ಎತ್ತಿದರು. ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು. "ಬರ್ಕೊಳ್ಳಿ. ವಯಸ್ಸಾದ ದನಿ. ಸಮಾಧಾನದ ದನಿ. ಬಲಕ್ಕೆ ಹೋಗಿ ಅಂತು, ನಾನು ಹೋದೆ. ಸಹಿ ಎಲ್ಲಿ ಮಾಡ್ಲಿ?"

ಈಗ ಸಾಕ್ಷಿಗಳು ಇಬ್ಬರಾದರು. ಉಳಿದದ್ದು ಮೂರನೇ ಗೇಟು. ಶಾಲೆಯವರಿಗೆ ಗೊತ್ತಿಲ್ಲ, ಟವರ್‌ಗೆ ಗೊತ್ತಿಲ್ಲ, ಪೈಲಟ್ಟುಗಳ ನಕ್ಷೆಯಲ್ಲಿ ಇಲ್ಲ. ಪ್ರಯಾಣಿಕರ ಕಟ್ಟಡದಲ್ಲಿ ಇರುವುದೇ ಎರಡು ಬಾಗಿಲು. ಇನ್‌ಸ್ಪೆಕ್ಟರ್ ಜೀಪಿನಲ್ಲಿ ಕೂತು ನಿಲ್ದಾಣದ ಕಾಂಪೌಂಡಿನ ಒಳಗಿನಿಂದ ಇಡೀ ಗೋಡೆಯನ್ನು ಸುತ್ತು ಹಾಕಿಸಿದರು. ಗುಡ್ಡದ ಕಡೆಯ ಗೋಡೆಯಲ್ಲಿ ಒಂದು ಕಬ್ಬಿಣದ ಗೇಟು, ಅದರ ಮೇಲೆ ಹಳದಿ ಬಣ್ಣದಲ್ಲಿ ಬರೆದ ಮೂರು. ಎಷ್ಟು ಸಲ ಹೊರಗಿನಿಂದ ಆ ದಾರಿಯಲ್ಲಿ ಹೋಗಿದ್ದರೋ. ಹೊರಬದಿಗೆ ಅಂಕಿ ಇರಲಿಲ್ಲ.

ಅಗ್ನಿಶಾಮಕ ಠಾಣೆಯ ಅಧಿಕಾರಿ ಪ್ರಶ್ನೆ ಕೇಳುತ್ತಲೇ ಅರಳಿದರು. "ಅದು ನಮ್ದು ಮೇಡಂ! ವಿಮಾನ ಗೋಡೆಯಾಚೆ ಬಿದ್ರೆ ನಮ್ಮ ಗಾಡಿ ಹೊರಗೆ ಹೋಗಬೇಕಲ್ಲ, ಅದಕ್ಕೆ ಆರು ತುರ್ತು ಗೇಟು. ನಂಬರು ಒಳಗಡೆ ಮಾತ್ರ. ಗಾಡಿ ಓಡಿಸೋರಿಗೆ ಬಿಟ್ರೆ ಇನ್ಯಾರಿಗೂ ಬೇಕಾಗಿಲ್ಲ. ನಮ್ಮೋರು ನಿದ್ದೇಲೂ ಗೇಟಿನ ಲೆಕ್ಕದಲ್ಲೇ ಮಾತಾಡ್ತಾರೆ. ನನ್ನ ಹೆಂಡ್ತಿ ಅಂಗಡಿಗೆ ದಾರಿ ಕೇಳಿದ್ರೆ ಐದನೇ ಗೇಟಿನ ಎದುರಿಗೆ ಅಂತೀನಿ, ಬೈಸ್ಕೋತೀನಿ."

"ನಿಮ್ಮಲ್ಲಿ ನಿವೃತ್ತರಾದವರು ಯಾರಾದರೂ ಗುಡ್ಡದ ಹಿಂದೆ ಇದ್ದಾರಾ?"

"ಇಬ್ಬರು. ಒಬ್ಬರಿಗೆ ಗಂಟಲು ಆಪರೇಷನ್ ಆಗಿ ಪಾಪ ಮಾತೇ ಹೊರಡಲ್ಲ. ಇನ್ನೊಬ್ಬರು ನಮ್ಮ ಗಂಟೆಯಣ್ಣ." ಅಧಿಕಾರಿ ಗೋಡೆಯ ಮೇಲಿನ ಗುಂಪುಚಿತ್ರದಲ್ಲಿ ಒಬ್ಬ ಎತ್ತರದ ಮನುಷ್ಯನನ್ನು ತೋರಿಸಿದರು. "ಗಂಟೆ ಹೊಡೆದು ಮುಗಿಯೋದರೊಳಗೆ ಗಾಡಿ ಸ್ಟಾರ್ಟ್ ಮಾಡಿರೋರು. ಅದಕ್ಕೇ ಆ ಹೆಸರು. ಸರ್ವೀಸೆಲ್ಲ ಈ ಕೋಣೇಲಿ ಟವರ್ ರೇಡಿಯೋ ಕೇಳ್ಕೊಂಡು ಕೂತಿದ್ರು. ಈಗ ಅವರ ಮಗಳೇ ಪೈಲಟ್ ಆಗ್ತಿದ್ದಾಳೆ, ಗೊತ್ತಾ? ಈ ಗುರುವಾರ ಕೊನೆ ಪರೀಕ್ಷೆ. ಅವಳು ಇಳಿಯುವಾಗ ನಾವೆಲ್ಲ ಹೊರಗೆ ಬಂದು ನಿಂತ್ಕೋತೀವಿ ಮೇಡಂ. ನಮ್ಮ ಠಾಣೆಯ ಮಗು ಅದು."

ಇನ್‌ಸ್ಪೆಕ್ಟರ್ ಚಿತ್ರವನ್ನು ನೋಡುತ್ತ ನಿಂತರು. ಆ ಅಧಿಕಾರಿಯ ಮುಖದಲ್ಲಿದ್ದ ಸಂತೋಷವನ್ನು ತಕ್ಷಣ ಕೆಡಿಸಲು ಅವರಿಗೆ ಮನಸ್ಸಾಗಲಿಲ್ಲ. ಅವರು ಕೊಟ್ಟ ಟೀ ಕುಡಿದು ಹೊರಟರು.

ಟವರ್‌ಗೆ ಹೋಗಿ ಒಂದೇ ಪ್ರಶ್ನೆ ಕೇಳಿದರು. ಎರಡೂ ದಿನ, ಆ ಹೊತ್ತಿನಲ್ಲಿ, ದಾರಿ ತಪ್ಪಿದ ವಿಮಾನದ ಹಿಂದೆ ಇಳಿಯಲು ಕಾಯುತ್ತಿದ್ದವರು ಯಾರು? ಎರಡಕ್ಕೂ ಉತ್ತರ ಒಂದೇ. ಗಂಟೆಯಣ್ಣನ ಮಗಳು.

ಬುಧವಾರ ಮಧ್ಯಾಹ್ನ ಆಕೆ ಶಾಲೆಯ ಹ್ಯಾಂಗರಿನಲ್ಲಿ ವಿಮಾನದ ಮುಂಗಾಜಿಗೆ ಅಂಟಿದ್ದ ಹುಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಇಪ್ಪತ್ಮೂರು ವರ್ಷ. ಅಪ್ಪನ ಎತ್ತರ. ಸಮವಸ್ತ್ರ ನೋಡಿ ಕೈ ನಿಂತಿತು, ಮತ್ತೆ ಓಡಿತು.

"ನಾಳೆ ಪರೀಕ್ಷೆಯಂತೆ."

"ಹೂಂ ಮೇಡಂ."

"ಕಳೆದ ಗುರುವಾರ ನೀವು ಮೇಲೆ ಇದ್ರಿ."

"ಇದ್ದೆ."

"ಅದೇ ರೇಡಿಯೋ ನಿಮ್ಮ ಕಿವಿಯಲ್ಲೂ ಇತ್ತು."

ಗಾಜು ಆಗಲೇ ಸ್ವಚ್ಛವಾಗಿತ್ತು. ಅವಳು ಒರೆಸುತ್ತಲೇ ಇದ್ದಳು.

"ಮೂರನೇ ಗೇಟು ಅಂದ್ರೆ ಎಲ್ಲಿ?"

ಬಟ್ಟೆ ನಿಂತಿತು. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ಜಾಗ ಅದು. ಆಕೆ ಗೊತ್ತಿಲ್ಲ ಎನ್ನಬಹುದಿತ್ತು. ಮೀಸೆಯವರು ಹೇಳಿಕೆಯ ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ವಿಮಾನದ ಬಾಲದ ಹತ್ತಿರ ಹೋಗಿ ಏನೋ ಓದುವವರಂತೆ ನಿಂತರು.

"ಗುಡ್ಡದ ಕಡೆ ಗೋಡೇಲಿ," ಎಂದಳು. "ಚಿಕ್ಕೋಳಿದ್ದಾಗ ಅಲ್ಲೇ ಸೈಕಲ್ ಕಲ್ತಿದ್ದು."

ಇನ್‌ಸ್ಪೆಕ್ಟರ್ ಮುಂದಿನ ಪ್ರಶ್ನೆ ಕೇಳಲಿಲ್ಲ. ಹ್ಯಾಂಗರಿನ ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಹೊರಗೆ ಒಂದು ವಿಮಾನ ಎಂಜಿನ್ ಚಾಲೂ ಮಾಡಿ, ಸರಿಯಾಗದೆ ನಿಲ್ಲಿಸಿತು. ಆಕೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ನಾನು ಹೇಳಿದ್ರೆ ನನ್ನ ಲೈಸೆನ್ಸು ಹೋಗುತ್ತಾ?"

"ನನಗೆ ಗೊತ್ತಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಲೈಸೆನ್ಸು ಕೊಡೋ ಮಂಡಳಿಯವರು ಕೇಳ್ತಾರೆ. ಕೇಳಲೇಬೇಕು."

"ಹೇಳದೇ ಇದ್ರೆ ಅವನದ್ದು ಹೋಗುತ್ತೆ."

"ಶುಕ್ರವಾರ."

"ಮೊದಲನೇ ಸಲ ನನಗೇ ನಂಬಿಕೆ ಬರಲಿಲ್ಲ ಮೇಡಂ. ಎರಡನೇ ಸಲ ಗೇಟು ಅಂದಾಗ..." ಅವಳು ವಿಮಾನದ ಮೂಗಿನ ಮೇಲೆ ಅಂಗೈ ಇಟ್ಟಳು. "ಆವತ್ತು ಮನೇಗೆ ಹೋದೆ. ಅಪ್ಪ ಊಟಕ್ಕೆ ಕಾಯ್ತಿದ್ರು. ಇವತ್ತು ಬೇಗ ಇಳಿಸಿದ್ರಾ ಮಗಳೇ ಅಂತ ಕೇಳಿದ್ರು. ಅಷ್ಟು ಖುಷಿ ಮುಖದಲ್ಲಿ. ನಾನು ಹೂಂ ಅಂದೆ. ಇಬ್ಬರೂ ಊಟ ಮಾಡಿದ್ವಿ. ಅಷ್ಟೇ ನಡೆದಿದ್ದು."

ಬೆನ್ನು ನೆಟ್ಟಗೆ ಮಾಡಿ ಹೇಳಿದಳು: "ಕರೀರಿ ಮೇಡಂ ಆ ಸಾರನ್ನ. ಬರ್ಕೊಳ್ಳಲಿ. ಇದನ್ನ ಮುಚ್ಚಿಟ್ಕೊಂಡು ನಾನು ನಾಳೆ ಯಾವ ಮುಖ ಹೊತ್ಕೊಂಡು ಹಾರಲಿ?"

ಮೀಸೆಯವರು ಬರೆದುಕೊಂಡರು. ಅವರ ಅಕ್ಷರ ಸಾಮಾನ್ಯವಾಗಿ ಕಾಗೆ ಕಾಲು ಗುಬ್ಬಿ ಕಾಲು. ಆ ಹೇಳಿಕೆಯನ್ನು ಮಾತ್ರ ದುಂಡಗೆ ಬರೆದರು.

ಆದರೆ ಮಗಳು ದನಿ ಗುರುತಿಸಿದರೆ ಸಾಲದು, ಸೆಟ್ಟು ಕೈಯಲ್ಲಿರುವಾಗಲೇ ಸಿಗಬೇಕು. ಮನೆ ಶೋಧಿಸಿದಾಗ ಸಿಕ್ಕರೂ, ಕೇಳಲು ಮಾತ್ರ ಇಟ್ಟುಕೊಂಡಿದ್ದೆ ಎನ್ನಬಹುದು. ಇನ್‌ಸ್ಪೆಕ್ಟರ್ ಇದನ್ನು ಶಾಲೆಯ ಮುಖ್ಯ ತರಬೇತುದಾರರ ಕೋಣೆಯಲ್ಲಿ ಹೇಳಿದಾಗ ಅಲ್ಲೇ ಕೂತಿದ್ದ ಮಗಳು ಮಾತಾಡಿದಳು.

"ನಾನು ಮೇಲೆ ಇಲ್ಲದಿದ್ರೆ ಅವರು ಮಾತಾಡೋದೇ ಇಲ್ಲ ಮೇಡಂ. ನಾಳೆ ನನ್ನ ಪರೀಕ್ಷೆ ನಡೀಲಿ. ನನ್ನ ಮುಂದೆ ಒಂದು ವಿಮಾನ ಬರಲಿ."

ತರಬೇತುದಾರರು ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ತಿರುಗಿಸುತ್ತಿದ್ದರು. ಅವರು ಕನ್ನಡಕನ ವಿಚಾರಣೆಯ ನೋಟಿಸಿಗೆ ಸಹಿ ಹಾಕಿದವರು. "ನಿನ್ನಪ್ಪನ್ನ ಹಿಡೀತಿರುವಾಗ ನೀನು ಪರೀಕ್ಷೆ ಕೊಡ್ತೀಯಾ?"

"ಹಾರುವಾಗ ಹಾರೋದು ಮಾತ್ರ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ ಸಾರ್."

ಏರ್ಪಾಡು ಸರಳವಾಗಿತ್ತು. ಬೇರೆ ಯಾವ ವಿಮಾನವೂ ಆ ಹೊತ್ತು ಮೇಲೇರುವುದಿಲ್ಲ. ಸರ್ವೆ ಪೈಲಟ್ ಅವಳಿಗಿಂತ ಮುಂದೆ ಇಳಿಯಲು ಬರುತ್ತಾರೆ, ಯಾರು ಏನೇ ಹೇಳಿದರೂ ತಿರುಗದೆ ನೇರ ಇಳಿಯುತ್ತಾರೆ. ಕೇಳಿ ಅವರು ನಕ್ಕರು. "ಈ ಸಲ ದನಿ ಕೇಳಿದ್ರೆ ಡಾಕ್ಟರಿಗಲ್ಲ, ಪೊಲೀಸಿಗೆ ಹೇಳ್ತೀನಿ."

ಗುರುವಾರ ಬೆಳಿಗ್ಗೆ ಗಾಳಿ ಹಿತವಾಗಿತ್ತು. ಇನ್‌ಸ್ಪೆಕ್ಟರ್, ಮೀಸೆಯವರು, ಪಂಚರಾಗಿ ಬಡಾವಣೆಯ ಒಬ್ಬ ದರ್ಜಿ ಮತ್ತು ಒಬ್ಬ ಔಷಧಿ ಅಂಗಡಿಯವರು ಎರಡನೇ ಬೀದಿಯ ಮನೆಯೊಂದರ ಬಾಗಿಲು ತಟ್ಟಿದರು. ಬಾಗಿಲು ತೆಗೆದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, ಸಮವಸ್ತ್ರ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು.

"ಮಗಳಿಗೆ ಏನಾದ್ರೂ..."

"ಅವರಿಗೆ ಏನೂ ಆಗಿಲ್ಲಮ್ಮ. ಚೆನ್ನಾಗಿ ಹಾರ್ತಿದ್ದಾರೆ. ಯಜಮಾನ್ರು ಎಲ್ಲಿ?"

"ಮೇಲೆ. ಇವತ್ತು ಪರೀಕ್ಷೆ ಅಲ್ವಾ, ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ."

ಮೆಟ್ಟಿಲುಗಳ ಕೊನೆಯಲ್ಲಿ ಇನ್‌ಸ್ಪೆಕ್ಟರ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ತಾರಸಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಬಿದಿರಿನ ಕೋಲಿಗೆ ಹಳೆಯ ಸಮವಸ್ತ್ರದ ತೋಳನ್ನು ಕಟ್ಟಿ ಮಾಡಿದ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಉಬ್ಬಿ ಆಡುತ್ತಿತ್ತು. ಕುರ್ಚಿಯಲ್ಲಿ ಕೂರದೆ, ನೆಟ್ಟಗೆ ನಿಂತಿದ್ದ ಎತ್ತರದ ಮನುಷ್ಯ. ಕೈಯಲ್ಲಿ ಸೆಟ್ಟು. ಸೆಟ್ಟಿನಿಂದ ಮಗಳ ದನಿ ಬಂತು: ಸರಿ, ಕಾಯುತ್ತೇನೆ.

ಅಲ್ಲಿ ಟವರ್‌ನ ಮಾತು ಕೇಳಿಸುತ್ತಿರಲಿಲ್ಲ. ಗುಡ್ಡ ಅದನ್ನು ತಡೆದಿತ್ತು. ಮೇಲಿರುವವರ ಉತ್ತರಗಳು ಮಾತ್ರ ಬರುತ್ತಿದ್ದವು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ: ಸರಿ, ಇನ್ನೊಂದು ಸುತ್ತು ಕಾಯುತ್ತೇನೆ.

ಸರ್ವೆ ವಿಮಾನ ಬಡಾವಣೆಯ ಮೇಲೆ ಕಾಣಿಸಿತು. ಆ ಮನುಷ್ಯ ಸೆಟ್ಟನ್ನು ಬಾಯಿಯ ಹತ್ತಿರ ತಂದರು. ಅವಸರವಿಲ್ಲ, ನಡುಕವಿಲ್ಲ. ಆ ವಿಮಾನದ ಗುರುತು ಹೇಳಿ ಕರೆದು, ಇಳಿಯಬೇಡಿ, ಬಲಕ್ಕೆ ತಿರುಗಿ ಎಂದರು. ಮಗುವನ್ನು ಮಲಗಿಸುವವರ ಸಮಾಧಾನ ಆ ದನಿಯಲ್ಲಿ.

"ಎಂಥ ದನಿ ಮೇಡಂ," ಎಂದು ಮೀಸೆಯವರು ಪಿಸುಗುಟ್ಟಿದರು.

ಸರ್ವೆ ವಿಮಾನ ತಿರುಗಲಿಲ್ಲ. ನೇರವಾಗಿ ಹೋಗಿ ಗುಡ್ಡದಾಚೆ ಇಳಿಯಿತು. ಆ ಮನುಷ್ಯ ಸೆಟ್ಟನ್ನು ಕಿವಿಗೆ ಹಿಡಿದು ಅಲುಗಾಡಿಸಿ ನೋಡಿದರು. ಆಗ ಇನ್‌ಸ್ಪೆಕ್ಟರ್ ಮುಂದೆ ಬಂದರು.

"ಯಜಮಾನ್ರೇ, ಅದನ್ನ ಕುರ್ಚಿ ಮೇಲೆ ಇಡಿ."

ಗಂಟೆಯಣ್ಣ ತಿರುಗಿದರು. ಅವರನ್ನು, ಮೀಸೆಯವರನ್ನು, ದರ್ಜಿಯನ್ನು ನೋಡಿದರು. ಸೆಟ್ಟು ಇಟ್ಟರು. "ಒಂದು ನಿಮಿಷ ಅಮ್ಮಾ," ಎಂದರು. "ಮುಂದಿನದು ಅವಳದ್ದು."

ಇನ್‌ಸ್ಪೆಕ್ಟರ್ ಕಾದರು. ಎರಡು ಸೀಟಿನ ಬಿಳಿ ವಿಮಾನ ತಲೆಯ ಮೇಲೆ ಬಂತು, ಒಂದಿಷ್ಟೂ ಓಲಾಡದೆ. ಅದು ಗುಡ್ಡದಾಚೆ ಮರೆಯಾಗುವವರೆಗೆ ಐದು ಜನರೂ ಕತ್ತೆತ್ತಿ ನೋಡಿದರು. ಆಮೇಲೆ ಪಂಚನಾಮೆ ಶುರುವಾಯಿತು. ಕೈರೇಡಿಯೋ ಒಂದು, ಬ್ಯಾಟರಿ ಎರಡು, ಕುರ್ಚಿ ಒಂದು. ಗಾಳಿಚೀಲವನ್ನು ಬರೆಯಬೇಕೋ ಬೇಡವೋ ಎಂದು ಮೀಸೆಯವರು ಕೇಳಿದರು. ಬೇಡ ಎಂದರು ಇನ್‌ಸ್ಪೆಕ್ಟರ್.

ಠಾಣೆಯಲ್ಲಿ ವಿಚಾರಣೆ ಉದ್ದವಾಗಲಿಲ್ಲ.

"ಎರಡು ಸಲ ಡಿಕ್ಕಿ ತಪ್ಪಿದ್ದು ಗೊತ್ತಾ?"

"ಇಲ್ಲ." ಅವರ ಮುಖ ಬಿಳಿಚಿತು. "ಎಲ್ಲಿ?"

"ನೀವು ಬಲಕ್ಕೆ ಕಳಿಸಿದ ಕಡೆ. ಮೇಲೇರಿ ಬರೋ ವಿಮಾನಗಳು ಅಲ್ಲಿಂದಲೇ ಬರ್ತವೆ. ನಿಮ್ಮ ತಾರಸಿಯಿಂದ ಆ ಕಡೆ ಕಾಣಲ್ಲ."

"ನಾನು ಇಪ್ಪತ್ತೆಂಟು ವರ್ಷ ಬಿದ್ದ ವಿಮಾನದಿಂದ ಜನರನ್ನ ಎಳೆದು ತಂದೋನು," ಎಂದರು. ಅದು ಸಮರ್ಥನೆ ಎಂದು ಯಾರಿಗೂ ಅನ್ನಿಸಲಿಲ್ಲ.

"ಮತ್ತೆ ಯಾಕೆ?"

"ನಮ್ಮ ಕೆಂಪು ಗಾಡಿ ಹೊರಟ್ರೆ ಎಲ್ಲಾ ನಿಲ್ಲೋದಮ್ಮ. ದೊಡ್ಡ ವಿಮಾನಾನೂ ನಿಲ್ಲಬೇಕು, ಮಂತ್ರಿ ಕಾರೂ ನಿಲ್ಲಬೇಕು. ದಾರಿ ಬಿಡಿಸ್ಕೊಂಡು ಹೋಗೋದೇ ನನ್ನ ಕೆಲಸ ಆಗಿತ್ತು. ಒಂದು ಸೆಟ್ಟು ತಗೊಂಡು ಮನೇಲಿ ಕೂತಾಗ ಮಗಳು ಕಾಯ್ತೀನಿ, ಕಾಯ್ತೀನಿ ಅನ್ನೋದು ಒಂದೇ ಕೇಳೋದು. ಯಾಕೆ ಕಾಯಿಸ್ತಾರೆ ಅಂತ ಟವರ್ ಹೇಳೋದು ಕೇಳಿಸ್ತಿರಲಿಲ್ಲ. ಫೈರ್‌ಮನ್ ಮಗಳು ಅಂತ ಕೊನೇಗೆ ತಳ್ತಾರೆ ಅನ್ಕೊಂಡೆ. ಅವಳಿಗೂ ಒಂದು ದಿನ ದಾರಿ ಬಿಡಿಸೋಣ ಅನ್ನಿಸ್ತು."

"ಎಲ್ಲರೂ ಸರದಿಯಲ್ಲಿ ಕಾಯ್ತಾರೆ. ಅವರೂ ಕಾದರು."

"ಗೊತ್ತಾಯ್ತು."

ಇನ್‌ಸ್ಪೆಕ್ಟರ್ ಮಗಳ ಹೇಳಿಕೆಯನ್ನು ಮುಂದಿಟ್ಟರು. ಗಂಟೆಯಣ್ಣ ಓದಿದರು, ತುಟಿ ಅಲ್ಲಾಡಿಸುತ್ತಾ, ಒಂದು ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದರು. 'ಆ ದನಿ ನನ್ನ ತಂದೆಯವರದು. ಹುಟ್ಟಿದಾಗಿನಿಂದ ಕೇಳಿದ್ದೇನೆ.' ಮೀಸೆಯವರು ಅಳುವೋ ಕೋಪವೋ ಬರುತ್ತದೆಂದು ನೀರಿನ ಲೋಟ ಹತ್ತಿರ ಸರಿಸಿದರು.

"ಅವಳೇ ಹೇಳಿದ್ಲಾ? ನೀವು ಹೆದರಿಸಲಿಲ್ಲ ತಾನೇ?"

"ಇಲ್ಲ. ಬರ್ಕೊಳ್ಳಿ ಅಂತ ಅವರೇ ಅಂದ್ರು. ಅದಾದ ಮೇಲೆ ಪರೀಕ್ಷೆಗೆ ಹೋದ್ರು."

"ಇದು ಗೊತ್ತಿದ್ದೂ ಅಷ್ಟು ನೇರವಾಗಿ ಇಳಿಸಿದ್ಲು," ಎಂದರು ಗಂಟೆಯಣ್ಣ, ತಮಗೆ ತಾವೇ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಅಗ್ನಿಶಾಮಕ ಠಾಣೆಯ ಗುಂಪುಚಿತ್ರದಲ್ಲಿ ಕೂಡ ಅವರು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಸಂಜೆಯೊಳಗೆ ತನಿಖಾ ವರದಿಯ ಪ್ರತಿ ಹಾರಾಟ ಶಾಲೆಗೆ ಹೋಯಿತು. ಕನ್ನಡಕನ ಮೇಲಿನ ವಿಚಾರಣೆ ರದ್ದಾಯಿತು. ಮುಖ್ಯ ತರಬೇತುದಾರರು ಅವನ ಕೋಣೆಗೇ ಹೋಗಿ ಅದನ್ನು ಹೇಳಿದರಂತೆ. ಹೇಳಿ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದರಂತೆ. ಮಗಳ ಮೌನದ ಬಗ್ಗೆ ಮಂಡಳಿ ಮುಂದಿನ ತಿಂಗಳು ಕೇಳಲಿದೆ. ಪರೀಕ್ಷೆಯ ಹಾಳೆಯಲ್ಲಿ ತರಬೇತುದಾರರು ಬರೆದದ್ದು ಒಂದೇ ಶಬ್ದ, ಉತ್ತೀರ್ಣ.

ನ್ಯಾಯಾಲಯಕ್ಕೆ ಹೊರಡುವ ಮುಂಚೆ ಬಂಧನದ ಪತ್ರ ತುಂಬುವುದು ಬಾಕಿ ಇತ್ತು. ಮೀಸೆಯವರು ಒಂದೊಂದೇ ಕೇಳುತ್ತಾ ಬರೆದರು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಮನೆಯವರಿಗಾ?"

"ಹೆಂಡ್ತಿ ಎದುರಿಗೇ ಇದ್ದಳಲ್ಲ. ಮಗಳಿಗೆ ತಿಳಿಸಿ."

"ಸಂಬಂಧ, ಮಗಳು. ಉದ್ಯೋಗ, ವಿದ್ಯಾರ್ಥಿನಿ," ಎಂದು ಮೀಸೆಯವರು ಜೋರಾಗಿ ಹೇಳಿಕೊಂಡು ಬರೆದರು.

"ತಿದ್ದಿ ಸ್ವಾಮಿ."

"ಏನು ತಿದ್ದಬೇಕು?"

"ಉದ್ಯೋಗ. ಪೈಲಟ್ ಅಂತ ಬರೀರಿ."

ಮೀಸೆಯವರು ಇನ್‌ಸ್ಪೆಕ್ಟರ್ ಕಡೆ ನೋಡಿದರು. ಲೈಸೆನ್ಸಿನ ಕಾಗದ ಇನ್ನೂ ಬಂದಿರಲಿಲ್ಲ, ಬರುವುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಪಂಚನಾಮೆಯಲ್ಲಿ ಐದು ನಿಮಿಷ ಹೆಚ್ಚುಕಡಿಮೆ ಬರೆದರೂ ಹಾಳೆಯನ್ನು ವಾಪಸು ಎಸೆಯುವ ಅಧಿಕಾರಿ ಅವರು.

ಇನ್‌ಸ್ಪೆಕ್ಟರ್ ಪತ್ರವನ್ನು ತಮ್ಮ ಕಡೆ ಎಳೆದುಕೊಂಡರು. ಹಳೆಯ ಶಬ್ದದ ಮೇಲೆ ತಾವೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ತಿದ್ದಿದ ಜಾಗದಲ್ಲಿ ನಿಯಮದಂತೆ ಸಹಿ ಹಾಕಿದರು.